ಟೆರಿಯರ್ ಮರಿ ತರುವ ಮೊದಲು ತಾಯಿಯನ್ನು ನೋಡಿ: ಪೆಡಿಗ್ರಿ ಓದುವಲ್ಲಿಂದ ಶೋ ರಿಂಗಿನವರೆಗೆ

ನಮ್ಮ ಕಡೆ ಅಡಿಕೆ ಸಸಿ ಮಾಡುವವರು ಬೀಜವನ್ನು ಎಲ್ಲಿಂದಲೋ ಹೆಕ್ಕಿ ತರುವುದಿಲ್ಲ. ತಾಯಿ ಮರ ನೋಡುತ್ತಾರೆ. ಎಷ್ಟು ವರ್ಷದ ಮರ, ಗೊನೆ ಹೇಗೆ ಕಟ್ಟುತ್ತದೆ, ಗಂಟುಗಳು ಹತ್ತಿರ ಹತ್ತಿರ ಇವೆಯಾ, ಮಳೆಗಾಲದಲ್ಲಿ ಎಷ್ಟು ಕಾಯಿ ಉದುರುತ್ತದೆ, ಇದನ್ನೆಲ್ಲ ನಾಲ್ಕೈದು ವರ್ಷ ಕಣ್ಣಲ್ಲಿಟ್ಟು ನೋಡಿ ಆಮೇಲೆ ಗೋಟು ಆರಿಸುತ್ತಾರೆ. ಇಷ್ಟೆಲ್ಲ ಗೊತ್ತಿರುವ ನಾವೇ ನಾಯಿಮರಿ ತರುವಾಗ ಫೋನಿಗೆ ಬಂದ ಒಂದು ಫೋಟೋ ನೋಡಿ ದುಡ್ಡು ಕಳಿಸಿಬಿಡುತ್ತೇವೆ.

ಕಾಸರಗೋಡಿನ ನೀರ್ಚಾಲಿನ ಹತ್ತಿರ ನಮ್ಮ ಮನೆ. ಮೊದಲನೇ ನಾಯಿ ಜಿಮ್ಮಿಯನ್ನು ನಾನು ತಂದದ್ದು ಹಾಗೆಯೇ. ಸ್ಮೂತ್ ಫಾಕ್ಸ್ ಟೆರಿಯರ್, ಅಂದರೆ ಬಿಲಕ್ಕೆ ನುಗ್ಗುವ ಟೆರಿಯರ್ ಜಾತಿಯಲ್ಲಿ ನುಣುಪು ಕೂದಲಿನ ಸಣ್ಣ ನಾಯಿ ಎಂದು ಹೇಳಿ ಕೊಟ್ಟವರು, ಅದರ ವಂಶದ ಪೇಪರ್ ಒಂದು ತಿಂಗಳಲ್ಲಿ ಪೋಸ್ಟಲ್ಲಿ ಬರುತ್ತದೆ ಎಂದರು. ಬರಲಿಲ್ಲ. ಆಮೇಲೆ ಫೋನ್ ಎತ್ತುವುದನ್ನೂ ನಿಲ್ಲಿಸಿದರು. ಏಳು ತಿಂಗಳಾಗುವಾಗ ಮರಿಯ ಎರಡೂ ಕಿವಿ ನೆಟ್ಟಗೆ ನಿಂತವು, ಕಾಲು ಉದ್ದವಾಯಿತು, ವರ್ಷವಾಗುವಾಗ ತೂಕ 11 ಕಿಲೋ ದಾಟಿತು. ಇದೊಂದೂ ಆ ಜಾತಿಯ ಲಕ್ಷಣ ಅಲ್ಲ. ಜಿಮ್ಮಿ ಒಳ್ಳೆಯ ನಾಯಿ. ತೋಟದಲ್ಲಿ ಹೆಗ್ಗಣದ ಬಿಲ ಕಂಡರೆ ಮೂತಿಯಿಂದ ಬಾಲದವರೆಗೆ ಕೆಸರಾಗಿ ಬರುತ್ತಿದ್ದ, 12 ವರ್ಷ ನಮ್ಮ ಜೊತೆ ಇದ್ದು ಜಗಲಿಯಲ್ಲೇ ಕಣ್ಣು ಮುಚ್ಚಿದ. ಆದರೆ ನಾಯಿ ಪ್ರದರ್ಶನದ ಶೋಗೆ ಕರೆದುಕೊಂಡು ಹೋಗಬೇಕು ಎಂಬ ನನ್ನ ಆಸೆ ಮೊದಲ ವರ್ಷವೇ ಮುಗಿದಿತ್ತು, ಯಾಕೆಂದರೆ ನೋಂದಣಿ ಇಲ್ಲದ ನಾಯಿಗೆ ಚಾಂಪಿಯನ್‌ಶಿಪ್ ಶೋದಲ್ಲಿ ಜಾಗ ಇಲ್ಲ.

ಎರಡನೆಯವಳು ಮಿನ್ನಿ, ನಿಜವಾದ ಫಾಕ್ಸ್ ಟೆರಿಯರ್. ಅವಳನ್ನು ತರುವ ಮೊದಲು ನಾನು ಆರು ತಿಂಗಳು ಪೇಪರ್ ಓದುವುದನ್ನು ಕಲಿತೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಪೇಪರಿನಲ್ಲಿ ಏನಿರುತ್ತದೆ

ಪೆಡಿಗ್ರಿ ಅಂದರೆ ನಾಯಿಯ ವಂಶದ ಪಟ್ಟಿ. ನಮ್ಮ ದೇಶದಲ್ಲಿ ಹೆಚ್ಚಿನವರು ನಂಬುವುದು ಚೆನ್ನೈಯಲ್ಲಿರುವ ಕೆನೆಲ್ ಕ್ಲಬ್ ಆಫ್ ಇಂಡಿಯಾದ, ಅಂದರೆ ಕೆಸಿಐನ ಸರ್ಟಿಫಿಕೇಟನ್ನು. ಬೇರೆ ಸಂಸ್ಥೆಗಳ ಪೇಪರೂ ಸಿಗುತ್ತದೆ. ನೀವು ಯಾವ ಶೋಗೆ ಹೋಗಬೇಕು ಎಂದುಕೊಂಡಿದ್ದೀರೋ ಆ ಶೋ ಯಾವ ಸಂಸ್ಥೆಯ ನಿಯಮದಲ್ಲಿ ನಡೆಯುತ್ತದೋ ಅದರ ನೋಂದಣಿಯೇ ಬೇಕು. ಇದನ್ನು ಮರಿಗೆ ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ.

ಪೇಪರ್ ಓದುವುದು ಎಡದಿಂದ ಬಲಕ್ಕೆ. ಎಡಗಡೆ ಮರಿ. ಮುಂದಿನ ಸಾಲಲ್ಲಿ ಮೇಲೆ ತಂದೆ, ಕೆಳಗೆ ತಾಯಿ. ಅದರ ಮುಂದೆ ಅಜ್ಜ ಅಜ್ಜಿ 4 ಹೆಸರು, ಅದರ ಮುಂದೆ ಮುತ್ತಜ್ಜ ಮುತ್ತಜ್ಜಿ 8 ಹೆಸರು. ಮೂರು ತಲೆಮಾರಿನ ಪೇಪರಲ್ಲಿ ಒಟ್ಟು 14 ಹೆಸರು. ಹೆಸರಿನ ಹಿಂದೆ ಚಾಂಪಿಯನ್ ಎಂಬುದರ ಗುರುತು ಇದ್ದರೆ ಆ ನಾಯಿ ರಿಂಗಿನಲ್ಲಿ, ಅಂದರೆ ಶೋದಲ್ಲಿ ಜಡ್ಜ್ ಎದುರು ನಾಯಿ ನಡೆಸುವ ಅಂಕಣದಲ್ಲಿ, ಗೆದ್ದು ಬಂದದ್ದು. ಬ್ರೀಡರುಗಳು, ಅಂದರೆ ಮರಿ ಹಾಕಿಸಿ ಕೊಡುವವರು, ತಾವು ಬರೆಸುವ ಪೆಡಿಗ್ರಿಯಲ್ಲಿ ಚಾಂಪಿಯನ್ ಹೆಸರನ್ನು ಕೆಂಪು ಶಾಯಿಯಲ್ಲಿ ಹಾಕುವ ರೂಢಿ ಇದೆ.

ನಾಯಿಗಳ ಹೆಸರು ಯಾಕೆ ಅಷ್ಟು ಉದ್ದ ಎಂದು ನನ್ನ ಹತ್ತಿರ ತುಂಬ ಜನ ಕೇಳಿದ್ದಾರೆ. ನಮ್ಮಲ್ಲಿ ಒಂದೇ ಊರಲ್ಲಿ ಐದು ಜನ ಸುಬ್ರಾಯ ಇರುತ್ತಾರೆ, ಮನೆ ಹೆಸರು ಸೇರಿಸಿದರೆ ಮಾತ್ರ ಯಾರೆಂದು ಗೊತ್ತಾಗುವುದು, ಅಲ್ವಾ? ನಾಯಿಗೂ ಅಷ್ಟೇ. ಲಂಡನ್ನಿನಲ್ಲಿ ಕೆನೆಲ್ ಕ್ಲಬ್ ಶುರುವಾದದ್ದು 1873ರಲ್ಲಿ, ನಾಯಿಗಳ ದಾಖಲೆಯ ಅವರ ಮೊದಲ ಪುಸ್ತಕ, ಸ್ಟಡ್ ಬುಕ್, ಬಂದದ್ದು 1874ರಲ್ಲಿ. ಆಗ ಒಂದೇ ಹೆಸರಿನ ನಾಯಿಗಳು ಎಷ್ಟಿದ್ದವೆಂದರೆ ಯಾವುದು ಯಾವುದರ ಅಪ್ಪ ಎಂದೇ ಗೊತ್ತಾಗುತ್ತಿರಲಿಲ್ಲ, ಹಾಗಾಗಿ 1880ರಲ್ಲಿ ಹೆಸರಿನ ನೋಂದಣಿಯನ್ನೇ ತಂದರು. ಈಗ ಬ್ರೀಡರ್ ತನ್ನ ಕೆನೆಲ್ಲಿನ ಹೆಸರನ್ನು ಪ್ರತಿ ಮರಿಯ ಹೆಸರಿಗೆ ಸೇರಿಸುತ್ತಾನೆ. ಅದೇ ಮನೆ ಹೆಸರು. ನೀವು ಮನೆಯಲ್ಲಿ ಏನು ಬೇಕಾದರೂ ಕರೆಯಿರಿ, ಪೇಪರಿನ ಹೆಸರು ಬೇರೆಯೇ.

ಚಾಂಪಿಯನ್ ಎಷ್ಟಿದ್ದಾರೆ ಎಂದು ಎಣಿಸಿ ಅಲ್ಲಿಗೇ ನಿಲ್ಲಿಸಬೇಡಿ. ಒಂದೇ ಹೆಸರು ಎರಡು ಕಡೆ ಬಂದಿದೆಯಾ ಎಂದು ಬೆರಳಿಟ್ಟು ಹುಡುಕಿ. ನಮ್ಮಲ್ಲಿ ಮದುವೆಗೆ ಗೋತ್ರ ನೋಡುವ ಹಾಗೆ. ತಂದೆಯ ಕಡೆಯ ಅಜ್ಜನೂ ತಾಯಿಯ ಕಡೆಯ ಅಜ್ಜನೂ ಒಂದೇ ನಾಯಿಯಾದರೆ ಆ ಮರಿಯ ಒಳಸಂಬಂಧದ ಲೆಕ್ಕ, ಅಂದರೆ ಒಂದೇ ಪೂರ್ವಜನ ಗುಣ ತಂದೆ ತಾಯಿ ಎರಡೂ ಕಡೆಯಿಂದ ಬಂದು ಸೇರುವ ಸಾಧ್ಯತೆ, 12.5 ಶೇಕಡಾ. ಅದೇ ಹೆಸರು ಮುತ್ತಜ್ಜನ ಸಾಲಿನಲ್ಲಿ ಎರಡೂ ಕಡೆ ಬಂದರೆ ಸುಮಾರು 3 ಶೇಕಡಾ. ಅಪ್ಪ ಮಗಳನ್ನು ಅಥವಾ ಅಣ್ಣ ತಂಗಿಯನ್ನು ಕೂಡಿಸಿದರೆ 25. ಇಂಗ್ಲೆಂಡಿನ ಕೆನೆಲ್ ಕ್ಲಬ್ 2009ರಿಂದ ಅಂಥ ಮರಿಗಳ ನೋಂದಣಿಯನ್ನೇ ನಿಲ್ಲಿಸಿದೆ. ಒಳ್ಳೆಯ ಗುಣ ಗಟ್ಟಿಯಾಗಲಿ ಎಂದು ಬ್ರೀಡರುಗಳು ಒಂದು ಹೆಸರನ್ನು ದೂರದಲ್ಲಿ ಎರಡು ಸಲ ತರುವುದುಂಟು, ಅದು ತಪ್ಪಲ್ಲ. ಹತ್ತಿರದಲ್ಲಿ ತಂದರೆ ಮುಚ್ಚಿಕೊಂಡಿದ್ದ ರೋಗವೂ ಜೊತೆಗೆ ಬರುತ್ತದೆ. 12.5 ಕಂಡರೆ ನಾನು ಮರಿ ತರುವುದಿಲ್ಲ, ಎಷ್ಟೇ ಚೆಂದ ಇರಲಿ.

ಇನ್ನೊಂದು ಮುಖ್ಯ ವಿಷಯ ಮೈಕ್ರೋಚಿಪ್. ಅಕ್ಕಿ ಕಾಳಿನಷ್ಟು ದೊಡ್ಡದು, ಭುಜದ ನಡುವೆ ಚರ್ಮದ ಅಡಿಗೆ ಸೂಜಿಯಿಂದ ಹಾಕುತ್ತಾರೆ, 15 ಅಂಕಿಯ ನಂಬರ್ ಇರುತ್ತದೆ. ಆ ನಂಬರೂ ಪೇಪರಿನ ನಂಬರೂ ಒಂದೇ ಆಗಿರಬೇಕು. ಮರಿ ತೆಗೆದುಕೊಳ್ಳುವಾಗ ಚಿಪ್ಪಿನ ನಂಬರ್ ಓದುವ ರೀಡರ್ ಹಿಡಿದು ತೋರಿಸಲು ಹೇಳಿ. ಕೊನೆಗೆ ಹೆಸರು ವರ್ಗಾವಣೆ. ಮರಿ ನಿಮ್ಮ ಮನೆಗೆ ಬಂದರೆ ಸಾಲದು, ಕ್ಲಬ್ಬಿನ ದಾಖಲೆಯಲ್ಲಿ ಮಾಲೀಕರಾಗಿ ನಿಮ್ಮ ಹೆಸರು ಬರಬೇಕು. ಅದಕ್ಕೆ ಬ್ರೀಡರ್ ಒಪ್ಪಿ ಸಹಿ ಹಾಕಬೇಕು. ದುಡ್ಡು ಪೂರ್ತಿ ಕೊಡುವುದೂ ಸಹಿ ಆಗುವುದೂ ಒಂದೇ ದಿನ ಆಗಲಿ.

ತಾಯಿಯ ಹತ್ತಿರ ಒಂದು ಗಂಟೆ ಕೂರಿ

ತಂದೆ ಹೆಚ್ಚಾಗಿ ಬೇರೆ ಊರಲ್ಲಿರುತ್ತಾನೆ. ತಾಯಿ ಅಲ್ಲೇ ಇರಬೇಕು. ತಾಯಿಯನ್ನು ತೋರಿಸದ ಕಡೆಯಿಂದ ಮರಿ ತರಬೇಡಿ, ಇದರಲ್ಲಿ ರಾಜಿ ಬೇಡ.

ಮಿನ್ನಿಯನ್ನು ನೋಡಲು ಹೋದಾಗ ನಾನು ಮೊದಲು ಅವಳ ತಾಯಿಯ ತುಟಿ ಎತ್ತಿ ಹಲ್ಲು ನೋಡಿದೆ. ದೊಡ್ಡ ನಾಯಿಗೆ 42 ಹಲ್ಲು ಇರಬೇಕು, ಮೇಲಿನ ಮುಂದಿನ ಹಲ್ಲು ಕೆಳಗಿನದರ ಮೇಲೆ ಕತ್ತರಿಯ ಹಾಗೆ ಕೂರಬೇಕು. ಆಮೇಲೆ ಕಿವಿ. ಫಾಕ್ಸ್ ಟೆರಿಯರಿನ ಕಿವಿ ಸಣ್ಣದು, ವಿ ಆಕಾರ, ಮುಂದಕ್ಕೆ ಮಡಚಿ ಕೆನ್ನೆಯ ಹತ್ತಿರ ಬೀಳಬೇಕು, ಮಡಿಕೆ ತಲೆಯ ಮಟ್ಟಕ್ಕಿಂತ ಮೇಲೆ ಇರಬೇಕು. ಕಣ್ಣು ಕಪ್ಪಾಗಿ ಚುರುಕಾಗಿರಬೇಕು. ಮೈ ಬಿಳಿಯೇ ಜಾಸ್ತಿ, ಮೇಲೆ ಕಪ್ಪು ಅಥವಾ ಕಂದು ಮಚ್ಚೆ. ತೂಕ ಗಂಡಿಗೆ 7.3ರಿಂದ 8.2 ಕಿಲೋ, ಹೆಣ್ಣಿಗೆ 6.8ರಿಂದ 7.7 ಕಿಲೋ ಎಂದು ಇಂಗ್ಲೆಂಡಿನ ಮಾನದಂಡ ಹೇಳುತ್ತದೆ. ನಿಮಗೆ ಜ್ಯಾಕ್ ರಸೆಲ್ ಎಂಬ ಇನ್ನೊಂದು ಟೆರಿಯರ್ ಇಷ್ಟವಾದರೆ ಎತ್ತರ 25ರಿಂದ 30 ಸೆಂಟಿಮೀಟರ್, ಪ್ರತಿ 5 ಸೆಂಟಿಮೀಟರಿಗೆ 1 ಕಿಲೋ ಲೆಕ್ಕ. ಅದರ ಎದೆಯನ್ನು ಮೊಣಕೈಯ ಹಿಂದೆ ಎರಡು ಅಂಗೈಯಲ್ಲಿ ಸುತ್ತಿ ಹಿಡಿಯಲು ಬರಬೇಕು. ಬಿಲದೊಳಗೆ ನುಗ್ಗಬೇಕಾದ ನಾಯಿ ಅಲ್ವಾ, ಎದೆ ದೊಡ್ಡದಾದರೆ ಸಿಕ್ಕಿಕೊಳ್ಳುತ್ತದೆ. ಟೆರಿಯರ್ ಎಂಬ ಹೆಸರೇ ನೆಲ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು.

ಅಂಗಳದಲ್ಲಿ ತಾಯಿಯನ್ನು ನಡೆಸಲು ಹೇಳಿ, ನೀವು ಎದುರಿಗೆ ಕುಕ್ಕರಗಾಲಲ್ಲಿ ಕೂರಿ. ಮುಂಗಾಲು ಎರಡೂ ಗಡಿಯಾರದ ಲೋಲಕದ ಹಾಗೆ ನೇರವಾಗಿ ಹಿಂದೆ ಮುಂದೆ ಆಡಬೇಕು. ಹೊರಗೆ ಬೀಸಬಾರದು, ಒಂದರ ದಾರಿಗೆ ಇನ್ನೊಂದು ಬರಬಾರದು. ಜಡ್ಜ್ ನೋಡುವುದೂ ಇದನ್ನೇ. ಗುಣವನ್ನೂ ನೋಡಿ. ಅಪರಿಚಿತರನ್ನು ಕಂಡು ಮೂಲೆಗೆ ಸರಿಯುವ ತಾಯಿಯ ಮರಿ ರಿಂಗಿನ ಗಲಾಟೆಯಲ್ಲಿ ಬಾಲ ಇಳಿಸುತ್ತದೆ.

ಮರಿಯನ್ನು ಎತ್ತಿಕೊಳ್ಳುವ ಮುಂಚೆ ಕಿವುಡುತನ ನೋಡಬೇಕು. ಬಿಳಿ ಮೈಯ ನಾಯಿಗಳಲ್ಲಿ ಇದು ಹೆಚ್ಚು. ಮರಿಗೆ ಕಾಣದ ಹಾಗೆ ಹಿಂದೆ ನಿಂತು ಸ್ಟೀಲ್ ತಟ್ಟೆ ಬೀಳಿಸಿ, ತಿರುಗಬೇಕು. ಒಂದೇ ಕಿವಿ ಕಿವುಡಾಗಿದ್ದರೆ ಇದರಲ್ಲಿ ಗೊತ್ತಾಗುವುದಿಲ್ಲ, ಅದಕ್ಕೆ ಒಂದೊಂದೇ ಕಿವಿ ಕೇಳುತ್ತದಾ ಎಂದು ನೋಡುವ ಬೇರ್ (BAER) ಎಂಬ ಪರೀಕ್ಷೆ ಇದೆ. ಮೊಣಕಾಲಿನ ಚಿಪ್ಪು ಜಾರುತ್ತದಾ ಎಂದು ಡಾಕ್ಟರ್ ಕೈಯಲ್ಲೇ ಹಿಡಿದು ನೋಡಬಹುದು. ಫಾಕ್ಸ್ ಮತ್ತು ಜ್ಯಾಕ್ ರಸೆಲ್ ವಂಶಗಳಲ್ಲಿ ಕಣ್ಣಿನ ಮಸೂರ ಜಾರುವ ಒಂದು ರೋಗ ಇದೆ, ನಾಯಿ ದೊಡ್ಡದಾಗಿ ಮೂರು ನಾಲ್ಕು ವರ್ಷ ಕಳೆದ ಮೇಲೆ ಶುರುವಾಗುತ್ತದೆ, ಗಮನಿಸದಿದ್ದರೆ ಕಣ್ಣು ಹೋಗುತ್ತದೆ. ತಂದೆ ತಾಯಿ ಇಬ್ಬರೂ ನೋಡಲು ಆರೋಗ್ಯವಾಗಿದ್ದು ಇಬ್ಬರಲ್ಲೂ ಆ ದೋಷ ಅಡಗಿದ್ದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ರೋಗ ಬರುತ್ತದೆ. ಬಾಯಿಯ ಒಳಗೆ ಹತ್ತಿ ಕಡ್ಡಿ ಉಜ್ಜಿ ಡಿಎನ್ಎ ಪರೀಕ್ಷೆಗೆ ಕಳಿಸಿದರೆ ಗೊತ್ತಾಗುತ್ತದೆ. ಬ್ರೀಡರ್ ಹತ್ತಿರ ಆ ರಿಪೋರ್ಟ್ ಇದೆಯಾ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಗಂಡು ಮರಿಯಾದರೆ ಎರಡೂ ಬೀಜ ಕೆಳಗೆ ಇಳಿಯಬೇಕು, ಒಂದು ಒಳಗೇ ಉಳಿದರೆ ಶೋಗೆ ಆಗುವುದಿಲ್ಲ.

ನಮ್ಮ ಮಳೆಯಲ್ಲಿ ಸಾಕುವಾಗ

ಇದು ಕಾಸರಗೋಡು. ಜೂನ್ ಬಂದರೆ ನಾಲ್ಕು ತಿಂಗಳು ಒದ್ದೆ. ಟೆರಿಯರ್ ತೋಟ ಬಿಟ್ಟು ಒಳಗೆ ಕೂರುವ ಜಾತಿ ಅಲ್ಲ. ಉಣುಗು, ಅಂದರೆ ರಕ್ತ ಹೀರುವ ಉಣ್ಣಿ, ಇಲ್ಲಿ ದೊಡ್ಡ ಶತ್ರು. ಅದರಿಂದ ಬೆಬೀಸಿಯಾ, ಎರ್ಲಿಕಿಯಾ ಎಂಬ ಜ್ವರ ಬರುತ್ತದೆ, ವಸಡು ಬಿಳಿಚಿಕೊಂಡರೆ, ಮೂತ್ರ ಕಾಫಿ ಬಣ್ಣ ಆದರೆ ಅದೇ ದಿನ ಮೃಗಾಸ್ಪತ್ರೆಗೆ ಓಡಬೇಕು. ಪ್ರತಿದಿನ ಸಂಜೆ ಬೆರಳಿನ ಸಂದು, ಕಿವಿಯ ಒಳಗೆ, ಕುತ್ತಿಗೆಯ ಪಟ್ಟಿಯ ಕೆಳಗೆ ಬೆರಳಾಡಿಸಿ ನೋಡಿ. ಹೆಗ್ಗಣದ ಮೂತ್ರದಿಂದ ಇಲಿಜ್ವರ ಬರುತ್ತದೆ, ಹಾಗಾಗಿ ಲಸಿಕೆ ಹಾಕಿಸುವಾಗ ಲೆಪ್ಟೋ ಸೇರಿದ ಲಸಿಕೆಯೇ ಬೇಕು ಎಂದು ಹೇಳಿ. ಹೆಗ್ಗಣಕ್ಕೆ ವಿಷ ಇಟ್ಟ ತೋಟಕ್ಕಂತೂ ಬಿಡಲೇಬೇಡಿ. ಮೂರು ತಿಂಗಳಾದ ಮೇಲೆ ಹುಚ್ಚುನಾಯಿ ರೋಗದ ಲಸಿಕೆ, ಆ ಕಾರ್ಡು ಇಟ್ಟುಕೊಂಡು ಪಂಚಾಯತಿನಲ್ಲಿ ಲೈಸೆನ್ಸ್. ಫಾರಂ ಮಲಯಾಳದಲ್ಲಿ ಇರುತ್ತದೆ, ಓದಲು ಬಾರದಿದ್ದರೆ ಗೊತ್ತಿದ್ದವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಸ್ಮೂತ್ ಕೋಟಿನ ನಾಯಿಗೆ ವಾರಕ್ಕೊಮ್ಮೆ ರಬ್ಬರ್ ಬ್ರಷ್ ಸಾಕು. ವೈರ್ ಫಾಕ್ಸ್ ಟೆರಿಯರ್ ತಂದರೆ ಕೆಲಸ ಬೇರೆಯೇ. ಅದರ ಒರಟು ಕೂದಲನ್ನು ಕತ್ತರಿಸಬಾರದು, ಸತ್ತ ಕೂದಲನ್ನು ಬೆರಳಲ್ಲಿ ಹಿಡಿದು ಬೆಳೆದ ದಿಕ್ಕಿಗೇ ಎಳೆದು ತೆಗೆಯಬೇಕು. ಮಿಷನ್ ಹಾಕಿದರೆ ಕೋಟು ಮೆತ್ತಗಾಗಿ ಬಣ್ಣ ಮಾಸುತ್ತದೆ. ಮೊದಲ ಸಲ ಶೋ ಮಾಡುವವರು, ಅದರಲ್ಲೂ ನಮ್ಮ ಸೆಕೆಯಲ್ಲಿ, ಸ್ಮೂತಿನಿಂದಲೇ ಶುರುಮಾಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ರಿಂಗಿಗೆ ತಯಾರಿ

ಟೆರಿಯರುಗಳನ್ನು ಜಡ್ಜ್ ಮೇಜಿನ ಮೇಲೆ ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ. ಹಾಗಾಗಿ ಎರಡು ತಿಂಗಳ ಮರಿಯಿಂದಲೇ ದಿನಕ್ಕೆ ಎರಡು ನಿಮಿಷ ಮೇಜಿನ ಅಭ್ಯಾಸ. ನಾನು ಹಳೆಯ ಸ್ಟೂಲಿನ ಮೇಲೆ ಗೋಣಿ ಹಾಸಿ ಮಾಡಿಸುತ್ತಿದ್ದೆ, ಜಾರಿದರೆ ಮರಿಗೆ ಮೇಜೆಂದರೆ ಹೆದರಿಕೆ ಕೂತುಬಿಡುತ್ತದೆ. ಮುಂಗಾಲು ಭುಜದ ಕೆಳಗೆ ನೇರ, ಹಿಂಗಾಲು ಸ್ವಲ್ಪ ಹಿಂದೆ, ತಲೆ ಮೇಲೆ. ಮನೆಗೆ ಬಂದವರ ಹತ್ತಿರ ಹಲ್ಲು ನೋಡಿಸಿ, ಬೆನ್ನು ಸವರಿಸಿ. ನಮ್ಮ ಅತ್ತಿಗೆ, ಪಕ್ಕದ ಮನೆಯ ಮಕ್ಕಳು, ತೆಂಗಿನಕಾಯಿ ಕೊಯ್ಯಲು ಬರುವವರು, ಎಲ್ಲರೂ ಮಿನ್ನಿಯ ಬಾಯಿ ಬಿಡಿಸಿ ನೋಡಿದವರೇ. ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬೀಳುವಾಗ ಮಾತ್ರ ಬಾಯಿ ಮುಟ್ಟುವುದು ಕಡಿಮೆ ಮಾಡಿ, ನೋವಿರುತ್ತದೆ. ಆ ಸಮಯದಲ್ಲಿ ಕಿವಿಯೂ ಒಂದು ದಿನ ಮೇಲೆ ಒಂದು ದಿನ ಕೆಳಗೆ ಆಗುತ್ತದೆ, ಗಾಬರಿ ಬೇಡ.

ನಡೆಸುವಾಗ ನಾಯಿ ನಿಮ್ಮ ಎಡಗಡೆ. ಜಡ್ಜ್ ಮತ್ತು ನಾಯಿಯ ನಡುವೆ ನೀವು ಬರಬಾರದು. ಮೂರು ನಡಿಗೆ ಕಲಿಸಿ: ನೇರ ಹೋಗಿ ಬರುವುದು, ತ್ರಿಕೋನ, ರಿಂಗಿನ ಸುತ್ತ. ತಿರುಗಿ ಬಂದು ಜಡ್ಜ್ ಎದುರು ನಿಂತಾಗ ಕಿವಿ ಬಾಲ ಎರಡೂ ಎಚ್ಚರವಾಗಬೇಕು, ಅದಕ್ಕೆ ಬೇಯಿಸಿದ ಕೋಳಿ ಲಿವರಿನ ಸಣ್ಣ ತುಂಡು ಕಿಸೆಯಲ್ಲಿರಲಿ. ನಮ್ಮದು ಮಾಂಸ ಒಳಗೆ ತಾರದ ಮನೆ, ನಾನು ತೆಂಗಿನಕಾಯಿ ಚೂರು ಕೊಟ್ಟು ಕಲಿಸಿದೆ, ಮಿನ್ನಿ ಅದಕ್ಕೂ ಹಾಗೆಯೇ ನಿಲ್ಲುತ್ತಿದ್ದಳು.

ಶೋ ದಿನ ಮತ್ತು ಬಿರುದಿನ ಲೆಕ್ಕ

ನಮಗೆ ಹತ್ತಿರದ ಶೋ ಅಂದರೆ ಮಂಗಳೂರು. ಅದು ಬಿಟ್ಟರೆ ಕೊಚ್ಚಿ, ಬೆಂಗಳೂರು. ಮಳೆ ಬಿಟ್ಟ ಮೇಲೆ ಬೇಸಿಗೆ ಬಿರುಸಾಗುವ ಮುಂಚೆ ಸೀಸನ್. ಎಂಟ್ರಿ ಶೋಗೆ ಮೊದಲೇ ಮುಗಿಯುತ್ತದೆ, ಆ ದಿನ ಹೋಗಿ ಹೆಸರು ಕೊಡಲು ಆಗುವುದಿಲ್ಲ. ರೈಲಿನಲ್ಲಿ ಹೋಗುವುದಾದರೆ ಫಸ್ಟ್ ಎಸಿಯಲ್ಲಿ ಇಡೀ ಕೂಪೆ ನಿಮ್ಮದೇ ಆಗಿದ್ದರೆ ಮಾತ್ರ ನಾಯಿ ಜೊತೆಗೆ, ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ನಾಯಿಗೂಡು. ಸ್ಲೀಪರಿನಲ್ಲೂ ಟೂ ಟಯರಿನಲ್ಲೂ ಬಿಡುವುದಿಲ್ಲ. ಆ ಗೂಡಿನಲ್ಲಿ ರಾತ್ರಿಯಿಡೀ ಸದ್ದು ಕೇಳುತ್ತಾ ಹೋದ ನಾಯಿ ಬೆಳಿಗ್ಗೆ ಚೆನ್ನಾಗಿ ನಿಲ್ಲುವುದಿಲ್ಲ. ನಾವು ಬಾವನ ಕಾರಿನಲ್ಲಿ ಹೋದೆವು, ಒಂದು ದಿನ ಮೊದಲೇ.

ನಾಯಿಗಳನ್ನು ಹತ್ತು ಗುಂಪು ಮಾಡಿರುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಟೆರಿಯರುಗಳದ್ದು 3ನೇ ಗುಂಪು. ಮೊದಲು ನಿಮ್ಮ ಜಾತಿಯೊಳಗೆ ವಯಸ್ಸಿನ ಪ್ರಕಾರ ಕ್ಲಾಸು, ಗಂಡು ಹೆಣ್ಣು ಬೇರೆ ಬೇರೆ. ಇಲ್ಲೇ ಹುಟ್ಟಿದ ನಾಯಿಗಳಿಗೆ ಬ್ರೆಡ್ ಇನ್ ಇಂಡಿಯಾ ಎಂಬ ಕ್ಲಾಸ್ ಇದೆ, ಎಲ್ಲರಿಗೂ ಓಪನ್ ಕ್ಲಾಸ್ ಇದೆ. ಕ್ಲಾಸ್ ಗೆದ್ದವರೆಲ್ಲ ಸೇರಿ ಚಾಲೆಂಜ್ ಸರ್ಟಿಫಿಕೇಟಿಗೆ ಸ್ಪರ್ಧೆ. ಇದನ್ನೇ ಎಲ್ಲರೂ ಸಿಸಿ ಎನ್ನುವುದು. ಆಮೇಲೆ ಗಂಡಿನಲ್ಲಿ ಗೆದ್ದದ್ದೂ ಹೆಣ್ಣಿನಲ್ಲಿ ಗೆದ್ದದ್ದೂ ಎದುರುಬದುರಾಗಿ ಬೆಸ್ಟ್ ಆಫ್ ಬ್ರೀಡ್, ಅಲ್ಲಿಂದ ಟೆರಿಯರ್ ಗುಂಪು, ಅಲ್ಲಿಂದ ಬೆಸ್ಟ್ ಇನ್ ಶೋ. ಚಾಂಪಿಯನ್ ಬಿರುದು ಒಂದೇ ದಿನ ಸಿಗುವುದಲ್ಲ. ಬೇರೆ ಬೇರೆ ಜಡ್ಜುಗಳ ಕೈಯಿಂದ ಸಿಸಿ ಕೂಡಿಸಬೇಕು. ಇಂಗ್ಲೆಂಡಿನಲ್ಲಿ ಮೂವರು ಜಡ್ಜುಗಳಿಂದ ಮೂರು, ಅದರಲ್ಲಿ ಒಂದಾದರೂ ನಾಯಿಗೆ ವರ್ಷ ತುಂಬಿದ ಮೇಲೆ. ಕ್ಲಾಸಿನಲ್ಲಿ ನಿಮ್ಮದೊಂದೇ ನಾಯಿ ಇದ್ದರೂ ಮಟ್ಟಕ್ಕೆ ಬಂದಿಲ್ಲ ಎನಿಸಿದರೆ ಜಡ್ಜ್ ಸಿಸಿ ಕೊಡದೆ ಕಳಿಸಬಹುದು. ಮಿನ್ನಿಗೆ ಮೊದಲ ಶೋದಲ್ಲಿ ಹಾಗೇ ಆಯಿತು. ಬೇಸರ ಆಯಿತು, ಆದರೆ ಆ ಜಡ್ಜ್ ಹೇಳಿದ್ದು ಸರಿ, ಅವಳು ಆಗ ಬರೀ 6.2 ಕಿಲೋ ಇದ್ದಳು, ಎದೆ ತುಂಬಿರಲಿಲ್ಲ. ಎಂಟು ತಿಂಗಳು ಕಾದೆವು. ಬೆಳಿಗ್ಗೆ ಗುಡ್ಡೆ ಹತ್ತಿಸಿ ಇಳಿಸಿ, ಊಟಕ್ಕೆ ಮೊಟ್ಟೆ ಸೇರಿಸಿ, 7 ಕಿಲೋ ದಾಟಿದ ಮೇಲೆ ಮತ್ತೆ ಕರೆದುಕೊಂಡು ಹೋದೆವು. ಆ ಸಲ ಸಿಸಿ ಬಂತು.

ಪ್ರತಿ ಶೋದ ಮೇಲೆ ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ಕ್ಲಾಸು, ಜಡ್ಜ್ ಯಾವ ದೇಶದವರು, ಎಲ್ಲಿ ಕೈ ಇಟ್ಟು ತಡೆದರು, ಏನು ಹೇಳಿದರು, ಆ ದಿನದ ತೂಕ, ಎಲ್ಲ ಬರೆದಿಡಿ. ಸೋತ ದಿನದ ಪುಟ ಗೆದ್ದ ದಿನದ್ದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಸ್ಮೂತ್ ಫಾಕ್ಸ್ ಟೆರಿಯರ್ ಎಷ್ಟು ದೂರ ಹೋಗಬಹುದು ಎಂದು ನೋಡಬೇಕಾದರೆ ವಾರೆನ್ ರೆಮಿಡಿ ಎಂಬ ಹೆಣ್ಣು ನಾಯಿಯ ವಿಷಯ ಓದಿ. ನ್ಯೂಯಾರ್ಕಿನ ವೆಸ್ಟ್‌ಮಿನ್‌ಸ್ಟರ್ ಶೋದಲ್ಲಿ 1907, 1908, 1909, ಮೂರು ವರ್ಷ ಸಾಲಾಗಿ ಬೆಸ್ಟ್ ಇನ್ ಶೋ ಅವಳದ್ದೇ. ಅಲ್ಲಿ ಮೂರು ಸಲ ಗೆದ್ದ ನಾಯಿ ಇನ್ನೊಂದಿಲ್ಲ.

ಮರಿ ಹಾಕಿಸುವುದಾದರೆ

ಬಿರುದು ಬಂತು ಎಂದು ಕೂಡಲೇ ಮರಿ ಹಾಕಿಸಬೇಡಿ. ನಾಯಿ ಸಾಕಿ ಮಾರುವವರಿಗೆ 2017ರ ಕೇಂದ್ರದ ನಿಯಮ ಇದೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು, ಹೆಣ್ಣಿಗೆ 18 ತಿಂಗಳು ತುಂಬಿರಬೇಕು, ಜೀವಮಾನದಲ್ಲಿ 5 ಸಲಕ್ಕಿಂತ ಜಾಸ್ತಿ ಹಾಕಿಸಬಾರದು, 8 ವಾರ ಆಗದ ಮರಿಯನ್ನು ಮಾರಬಾರದು. ಮಿನ್ನಿಗೆ ಮೂರು ವರ್ಷವಾದ ಮೇಲೆ ಒಂದೇ ಒಂದು ಸಲ ಹಾಕಿಸಿದೆವು. ಗಂಡನ್ನು ಹುಡುಕಲು ಒಂದು ವರ್ಷ ಹಿಡಿಯಿತು. ಪೇಪರಲ್ಲಿ ಎರಡೂ ಕಡೆ ಸೇರುವ ಹೆಸರು ಇರಬಾರದು, ಕಣ್ಣಿನ ಪರೀಕ್ಷೆ ಆಗಿರಬೇಕು, ಮಿನ್ನಿಯ ಭುಜ ಸ್ವಲ್ಪ ನೆಟ್ಟಗೆ, ಹಾಗಾಗಿ ಗಂಡಿನ ಭುಜ ಚೆನ್ನಾಗಿ ಹಿಂದಕ್ಕೆ ಒರಗಿರಬೇಕು. ನಾಲ್ಕು ಮರಿ ಹುಟ್ಟಿದವು.

ಪೆರ್ಲದ ಕಡೆಯಿಂದ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ಮರಿಗಳು ಗೋಣಿಯ ಮೇಲೆ ಬಿದ್ದುಕೊಂಡಿದ್ದವು, ಹುಡುಗಿಗೆ ಅತ್ತಲೇ ಕಣ್ಣು. ಅವರು ಹೇಳಿದರು, "ಮರಿ ಆಮೇಲೆ ನೋಡುವಾ ಮಗಾ. ಮೊದಲು ಇದರ ಅಮ್ಮ ಎಲ್ಲಿ ಅಂತ ಕೇಳು." ಮಿನ್ನಿಯನ್ನು ಅಂಗಳದಲ್ಲಿ ಎರಡು ಸಲ ನಡೆಸಿದೆ, ಹಲ್ಲು ತೋರಿಸಿದೆ, ನೋಟ್ ಪುಸ್ತಕವನ್ನೂ ಅವರ ಕೈಗೆ ಕೊಟ್ಟೆ. ಮುಕ್ಕಾಲು ಗಂಟೆ ಓದಿದರು. ವರ್ಗಾವಣೆ ಪೇಪರಿಗೆ ಅವರ ಎದುರೇ ಸಹಿ ಹಾಕಿದೆ. ಕೊನೆಗೆ ಮರಿಯ ಬೆನ್ನಿಗೆ ರೀಡರ್ ಹಿಡಿದೆವು, ಹುಡುಗಿ ಪೇಪರನ್ನು ಜಗಲಿಯ ಮೇಲೆ ಹರಡಿಕೊಂಡು 15 ಅಂಕಿಗಳನ್ನೂ ಬೆರಳಿಟ್ಟು ಒಂದೊಂದಾಗಿ ಜೋರಾಗಿ ಓದಿ ಸರಿ ನೋಡಿದಳು.